ಲೀವ್, ಲೆಫ್ಟ್, ಲೆಫ್ಟ್

೬ ಜನವರಿ

ವಿದ್ಯಾರ್ಥಿ ಸಂಖ್ಯೆ ೧೧೮ ಅವರಿಗೆ,

ನಿಮ್ಮ ಆರನೇ ಪಾಠದ ಉತ್ತರಗಳು ತಲುಪಿದವು. ನೂರಕ್ಕೆ ಐವತ್ತೆಂಟು ಅಂಕ. ಬೇಸರ ಬೇಡ. ನಿಮ್ಮ ಹೋಟೆಲಿನ ಮಾಲೀಕರು ಒಂದೇ ಏಟಿಗೆ ಹನ್ನೊಂದು ಮಂದಿಯನ್ನು ನಮ್ಮ ಅಂಚೆ ಇಂಗ್ಲಿಷ್ ಪಾಠಕ್ಕೆ ಸೇರಿಸಿದ್ದರು. ಅಷ್ಟು ಜನರಲ್ಲಿ ಆರನೇ ಪಾಠ ದಾಟಿದವರು ನೀವೊಬ್ಬರೇ. ನಿಮ್ಮ ಅಡುಗೆಯವರು ಎರಡನೇ ಪಾಠಕ್ಕೇ ಕೈಯೆತ್ತಿದರು. ಮಾಲೀಕರು ತಾವೂ ಸೇರಿಕೊಂಡವರು ಅದೇ ಎರಡನೇ ಪಾಠದಲ್ಲಿ ಠಿಕಾಣಿ ಹೂಡಿದ್ದಾರೆ.

ಈ ಸಲದ ಕ್ರಿಯಾಪದ 'ಲೀವ್'. ಇದು ನಿಯಮಕ್ಕೆ ಬಗ್ಗುವ ಪೈಕಿಯದಲ್ಲ. ಭೂತಕಾಲದಲ್ಲಿ 'ಲೀವ್ಡ್' ಎಂದು ಬರೆದವರಿಗೆ ನಾನು ಸೊನ್ನೆ ಕೊಡುತ್ತೇನೆ, ಅದು 'ಲೆಫ್ಟ್'. ಮೂರನೇ ರೂಪವೂ 'ಲೆಫ್ಟ್'. ಅರ್ಥ ಕೇಳಿದರೆ ನಮ್ಮ 'ಬಿಡು' ಎನ್ನಬೇಕು, ಆದರೆ ನಮ್ಮ 'ಬಿಡು' ಇನ್ನೂ ಪೋಲಿ. ನಾವು ಕಣ್ಣು ಬಿಡುತ್ತೇವೆ, ಬೇರು ಬಿಡುತ್ತೇವೆ, ಹೊತ್ತು ಹೋಗದಿದ್ದರೆ ರೈಲು ಬಿಡುತ್ತೇವೆ. ಇಂಗ್ಲಿಷಿನವರು ಇದ್ಯಾವುದನ್ನೂ 'ಲೀವ್' ಮಾಡುವುದಿಲ್ಲ. ಅವರು ಊರು ಬಿಟ್ಟು ಹೊರಟರೆ 'ಲೀವ್', ಕೊಡೆ ಮರೆತು ಬಂದರೂ 'ಲೀವ್', ತಟ್ಟೆಯಲ್ಲಿ ಉಳಿಸಿದರೂ 'ಲೀವ್'. 'ಅದನ್ನು ನನಗೆ ಬಿಡಿ, ನಾನು ನೋಡಿಕೊಳ್ಳುತ್ತೇನೆ' ಎಂದರೂ 'ಲೀವ್'. ರಜೆಗೂ ಅದೇ ಪದ. ಸತ್ತವರು ಹಿಂದೆ ಯಾರನ್ನಾದರೂ ಉಳಿಸಿ ಹೋದರೆ ಅದಕ್ಕೂ ಅದೇ.

ಹತ್ತು ವಾಕ್ಯ ಬರೆದು ಕಳಿಸಿ. ಇಂಗ್ಲಿಷ್ ಉತ್ತರ ಹಾಳೆಯಲ್ಲಿರಲಿ, ಅದರ ಕನ್ನಡ ಪತ್ರದಲ್ಲಿರಲಿ. ಆಗ ನೀವು ಹೇಳಹೊರಟದ್ದೇನು, ಹೇಳಿದ್ದೇನು ಎಂದು ನನಗೆ ಗೊತ್ತಾಗುತ್ತದೆ. ಪುಸ್ತಕದಿಂದ ಕದಿಯಬೇಡಿ. ಹೋದ ವರ್ಷ ಒಬ್ಬ ಗುಮಾಸ್ತರು ಸಿಂಹದ ಬೇಟೆಯ ಬಗ್ಗೆ ಹತ್ತು ವಾಕ್ಯ ಬರೆದಿದ್ದರು. ಅವರ ಕಚೇರಿಯಲ್ಲಿ ಬೆಕ್ಕು ಕೂಡ ಇರಲಿಲ್ಲ.

ಇತಿ,
ಬೋಧಕ – ೪


೧೪ ಜನವರಿ

ಮೇಷ್ಟ್ರಿಗೆ ನಮಸ್ಕಾರ.

ಅರ್ಜಿಯಲ್ಲಿ ನಾನು ಹೋಟೆಲಿನ ಕೆಲಸಗಾರಳು ಎಂದಿದೆ. ಅದು ಅರ್ಧ ನಿಜ. ಮಾಲೀಕರು ನನ್ನ ಭಾವ, ಗಂಡನ ಅಣ್ಣ. ಗಂಡ ತೀರಿಕೊಂಡು ಆರು ವರ್ಷವಾಯಿತು. ನಾನೂ ಅತ್ತೆಯೂ ಹೋಟೆಲಿನ ಹಿಂದಿನ ಕೋಣೆಯಲ್ಲಿದ್ದೇವೆ. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಟವೆಲು, ಪರದೆ ಎಲ್ಲ ನನ್ನ ಕೈಕೆಳಗೆ. ಮನೆಯವಳಾದ್ದರಿಂದ ಕೆಲಸಗಾರಳೆಂದು ಯಾರೂ ಅನ್ನುವುದಿಲ್ಲ, ಕೆಲಸ ಮಾತ್ರ ಎಲ್ಲರಿಗಿಂತ ಹೆಚ್ಚು.

ವಾಕ್ಯಗಳ ಕನ್ನಡ ಇಲ್ಲಿದೆ. ಏಳನೇ ಕೋಣೆಯವರು ಹಲ್ಲುಸೆಟ್ಟನ್ನು ಲೋಟದಲ್ಲೇ ಬಿಟ್ಟುಹೋದರು. ಅವರು ಬರೆದು ಕೇಳುವವರೆಗೂ ಆ ಹಲ್ಲು ಅಡುಗೆಮನೆಯ ಕಪಾಟಿನಿಂದ ನಮ್ಮನ್ನು ನೋಡಿ ನಗುತ್ತಿತ್ತು (ಇದರಲ್ಲಿ 'ಲೀವ್' ಇಲ್ಲ, ಕ್ಷಮಿಸಿ). ಜನ ಹೋದ ಮೇಲೂ ದಿಂಬಿನಲ್ಲಿ ತಲೆಯ ತಗ್ಗು ಉಳಿದಿರುತ್ತದೆ. ಕಪಾಟಿನಲ್ಲಿ ಒಳ್ಳೆಯ ಹೊದಿಕೆಗಳು ಕೆಲವೇ ಉಳಿದಿವೆ. ನನ್ನ ಗಂಡ ನನಗೆಂದು ಬಿಟ್ಟುಹೋಗಿರುವುದು ಒಂದು ಕೈಗಡಿಯಾರ ಮತ್ತು ಅವರ ಅಮ್ಮ. ಗಂಡ ಹೋದಂದಿನಿಂದ ನಾನು ರಜೆ ತೆಗೆದುಕೊಂಡಿಲ್ಲ. ಭಾವ ಎಲ್ಲವನ್ನೂ 'ನನಗೆ ಬಿಡು' ಎನ್ನುತ್ತಾರೆ. ಏಪ್ರಿಲ್ ಬರುವ ಮೊದಲು ನಾನು ಈ ಹೋಟೆಲು ಬಿಡುತ್ತೇನೆ. ಬಂದರು ಪಟ್ಟಣದ ಆಸ್ಪತ್ರೆಯೊಂದರಲ್ಲಿ ಬಟ್ಟೆ ಕೋಣೆಗೆ ಮೇಲ್ವಿಚಾರಕಿ ಬೇಕಂತೆ, ಅಲ್ಲಿಗೆ ಹೊರಡುತ್ತೇನೆ. ಯಾರಿಗೂ ಹೇಳದೆ ಹೊರಡುತ್ತೇನೆ.

ಆಸ್ಪತ್ರೆಯ ಹೆಸರನ್ನು ಉತ್ತರ ಹಾಳೆಯಲ್ಲಿ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಅದರ ಅಕ್ಷರ ಸರಿಯಿದೆಯೇ ನೋಡಿ ಹೇಳಿ.

ತಮ್ಮ ವಿದ್ಯಾರ್ಥಿನಿ


೨೦ ಜನವರಿ

೧೧೮ ಅವರಿಗೆ,

ಎಪ್ಪತ್ತೊಂದು! ಈ ವರ್ಷ ಏಳನೇ ಪಾಠಕ್ಕೆ ನಾನು ಯಾರಿಗೂ ಇಷ್ಟು ಕೊಟ್ಟಿಲ್ಲ.

ಹಲ್ಲಿನ ವಾಕ್ಯ ಓದಿ ಚಹಾ ನೆತ್ತಿಗೇರಿ ಕೆಮ್ಮಿದೆ. ದಿಂಬಿನ ತಗ್ಗಿನ ವಾಕ್ಯವನ್ನು ಎರಡು ಸಲ ಓದಿದೆ. ಆದರೆ ನಾನು ಮೆಚ್ಚಿದ್ದು ಕೊನೆಯ ಮೂರನ್ನು. ಸ್ವಂತ ಬದುಕಿನದು ಬರೆಯಿರಿ ಎಂದರೆ ನೀವು ಜಾಣತನದಿಂದ ಅರ್ಧ ಬದುಕು, ಅರ್ಧ ಕತೆ ಮಾಡಿ ಕಳಿಸಿದ್ದೀರಿ. ಬಂದರು, ಆಸ್ಪತ್ರೆ, ಗುಟ್ಟಾಗಿ ಹೊರಡುವ ಹೆಂಗಸು! ಮುಂದೇನು ಎಂದು ಓದುವವನು ಕಾಯಬೇಕು, ಅಲ್ಲವೇ? ಆಸ್ಪತ್ರೆಗೂ ಒಂದು ಹೆಸರಿಟ್ಟಿದ್ದೀರಿ. ಅಕ್ಷರ ಸರಿಯಿದೆ. ಮುಂದಿನ ಪಾಠಗಳಲ್ಲೂ ಇದೇ ಕತೆ ಬೆಳೆಸಿ.

ಒಂದು ತಿದ್ದುಪಡಿ. 'ಹೋದರು' ಎಂದರೆ ಕತೆ ಮುಗಿಯಿತು. 'ಹೋಗಿದ್ದಾರೆ' ಎಂದರೆ ಬಾಗಿಲು ಇನ್ನೂ ಅಲ್ಲಾಡುತ್ತಿದೆ. 'ಹ್ಯಾಸ್ ಲೆಫ್ಟ್' ಎನ್ನುವುದು ಈ ಎರಡನೆಯದು. ಗಂಡನ ವಿಷಯದಲ್ಲಿ ನೀವು 'ಹ್ಯಾಸ್ ಲೆಫ್ಟ್' ಬರೆದಿದ್ದೀರಿ. ಆರು ವರ್ಷವಾಗಿದ್ದರೆ 'ಲೆಫ್ಟ್' ಸಾಕು.

ಎಂಟನೇ ಪಾಠ ಜೊತೆಗಿದೆ.

ಬೋಧಕ – ೪


೨೯ ಜನವರಿ

ಮೇಷ್ಟ್ರಿಗೆ ನಮಸ್ಕಾರ.

ಎಂಟನೇ ಪಾಠ ಮುಗಿಸಿ ಕಳಿಸಿದ್ದೇನೆ. ಗಂಡನ ವಾಕ್ಯ ತಿದ್ದಿಕೊಂಡೆ. ಅತ್ತೆಗೆ ಮಾತ್ರ ಅದು ಇನ್ನೂ 'ಹ್ಯಾಸ್ ಲೆಫ್ಟ್'. ಕಣ್ಣು ಮಂಜಾದ ಮೇಲೆ ಬಾಗಿಲ ಸದ್ದಾದರೆ ಮಗನ ಹೆಸರು ಹಿಡಿದು ಕೂಗುತ್ತಾರೆ.

ಒಂದು ವಿನಂತಿ. ಹನ್ನೆರಡು ಪಾಠ ಮುಗಿಸಿದವರಿಗೆ ಸರ್ಟಿಫಿಕೇಟು ಕೊಡುತ್ತೀರಂತೆ. ಅದು ಮಾರ್ಚ್ ಕೊನೆಯೊಳಗೆ ನನಗೆ ಸಿಗಬಹುದೇ? ಎರಡೆರಡು ಪಾಠ ಒಟ್ಟಿಗೆ ಕಳಿಸಿದರೆ ನಾನು ನಿದ್ದೆಗೆಟ್ಟಾದರೂ ಮಾಡುತ್ತೇನೆ. ಯಾಕೆ ಅವಸರ ಎಂದು ಕೇಳಬೇಡಿ.

ನಾನು ಬರೆದ ವಾಕ್ಯಗಳು ತಮ್ಮಲ್ಲೇ ಇರಲಿ.

ತಮ್ಮ ವಿದ್ಯಾರ್ಥಿನಿ


೫ ಫೆಬ್ರವರಿ

೧೧೮ ಅವರಿಗೆ,

ಒಂಬತ್ತು ಮತ್ತು ಹತ್ತನೇ ಪಾಠಗಳನ್ನು ಒಟ್ಟಿಗೆ ಕಳಿಸಿದ್ದೇನೆ. ನಮ್ಮ ಸಂಸ್ಥೆಯಲ್ಲಿ ಹೀಗೆ ಅವಸರ ಮಾಡಿದವರು ಇದೇ ಮೊದಲು. ಉಳಿದವರನ್ನು ನಾವೇ ಹಿಡಿದು ಎಳೆಯಬೇಕು.

ಇನ್ನೊಂದು ಸಿಹಿಸುದ್ದಿ. ನಮ್ಮ ತಿಂಗಳ ಪತ್ರಿಕೆ ಎಲ್ಲ ವಿದ್ಯಾರ್ಥಿಗಳಿಗೂ ಹೋಗುತ್ತದೆಯಷ್ಟೆ. ಈ ಸಲದ 'ಮಾದರಿ ಉತ್ತರ' ನಿಮ್ಮದು! 'ಲೀವ್' ಪದದ ಹತ್ತು ವಾಕ್ಯಗಳು, ಕೆಳಗೆ ಕನ್ನಡ ಅರ್ಥದ ಸಮೇತ. ಪುಟದಲ್ಲಿ ಜಾಗ ಸಾಲದೆ ಆಸ್ಪತ್ರೆಯ ಹೆಸರೊಂದನ್ನು ಕೈಬಿಟ್ಟೆ. ವಾಡಿಕೆಯಂತೆ ನಿಮ್ಮ ಸಂಖ್ಯೆಯನ್ನೂ ಹಾಕಿಲ್ಲ. 'ತಮ್ಮಲ್ಲೇ ಇರಲಿ' ಎಂದು ಬರೆದಿದ್ದೀರಿ. ಅಷ್ಟು ಸಂಕೋಚ ಯಾಕೆ? ಒಳ್ಳೆಯ ವಾಕ್ಯ ನಾಲ್ಕು ಜನರ ಬಾಯಲ್ಲಿ ಓಡಾಡಬೇಕು. ನಿಮ್ಮ ಭಾವನವರಿಗೂ ಹೆಮ್ಮೆಯಾದೀತು, ಉಳಿದ ಹತ್ತು ಮಂದಿಯನ್ನು ಪಾಠಕ್ಕೆ ಎಬ್ಬಿಸಿಯಾರು ಎಂಬ ಆಸೆಯೂ ನನಗಿದೆ.

ಬೋಧಕ – ೪


೨೨ ಫೆಬ್ರವರಿ

ಮಾನ್ಯ ಬೋಧಕರಿಗೆ,

ನಾನು ನಿಮ್ಮ ವಿದ್ಯಾರ್ಥಿ ಸಂಖ್ಯೆ ೧೦೯. ಹನ್ನೊಂದು ಮಂದಿಯ ಶುಲ್ಕ ಕಟ್ಟಿರುವವನು. ನಿಮ್ಮ ಪತ್ರಿಕೆ ನೋಡಿದೆ. ನಮ್ಮ ಮನೆಯ ಹೆಣ್ಣುಮಗಳಿಗೆ ನೀವು ಚೆನ್ನಾಗಿಯೇ ಕಲಿಸಿದ್ದೀರಿ.

ಇನ್ನು ಮುಂದೆ ೧೧೮ ಅವರ ಪಾಠ ನಿಲ್ಲಿಸತಕ್ಕದ್ದು. ಸರ್ಟಿಫಿಕೇಟನ್ನೂ ಕೊಡತಕ್ಕದ್ದಲ್ಲ. ಆಕೆ ಈವರೆಗೆ ಬರೆದ ಉತ್ತರ ಹಾಳೆಗಳನ್ನೆಲ್ಲ ನನಗೆ ಕೂಡಲೇ ಕಳಿಸಿಕೊಡಿ. ಶುಲ್ಕ ಕೊಟ್ಟವರು ಕೇಳಿದರೆ ಹಾಳೆ ತೋರಿಸಬೇಕೆಂದು ನಿಮ್ಮ ನಿಯಮದಲ್ಲೇ ಇದೆ. ಅದು ಯಾವ ಆಸ್ಪತ್ರೆ ಎಂಬುದಷ್ಟೇ ನನಗೆ ತಿಳಿಯಬೇಕಾಗಿದೆ. ತಿಳಿದರೆ ಅಲ್ಲಿಯವರಿಗೆ ನಾನೇ ಒಂದು ಮಾತು ಬರೆದು ವಿಷಯ ಮುಗಿಸುತ್ತೇನೆ. ಸಂಸಾರದ ಮಾತು, ಬೀದಿಗೆ ಬರುವುದು ಬೇಡ.

ಇಂತು,
ಮಾಲೀಕ


೨೪ ಫೆಬ್ರವರಿ

ಮೇಷ್ಟ್ರೇ,

ಹೋಟೆಲಿನ ಎದುರಿನ ಗುಂಡಿ ಅಂಗಡಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಅಂಗಡಿಯಾಕೆ ನನಗೆ ಬೇಕಾದವಳು. ದಿಂಬಿನ ಚೀಲಕ್ಕೆ ಗುಂಡಿ ತರುವ ನೆಪದಲ್ಲಿ ಬಂದಿದ್ದೇನೆ, ಹೆಚ್ಚು ಹೊತ್ತಿಲ್ಲ.

ಅದು ಕತೆಯಲ್ಲ. ಒಂದಕ್ಷರವೂ ಕತೆಯಲ್ಲ. ಆಸ್ಪತ್ರೆ ನಿಜ, ಕೆಲಸ ನಿಜ. ಹನ್ನೆರಡು ಪಾಠದ ಸರ್ಟಿಫಿಕೇಟು ಮಾರ್ಚ್ ಮೂವತ್ತೊಂದರೊಳಗೆ ಅವರಿಗೆ ತಲುಪಿದರೆ ಏಪ್ರಿಲ್ ಎರಡಕ್ಕೆ ಸಂದರ್ಶನ. ತಮ್ಮಲ್ಲೇ ಇರಲಿ ಎಂದು ಬೇಡಿಕೊಂಡಿದ್ದೆನಲ್ಲ! ಅದು ಸಂಕೋಚವೆಂದು ತಮಗೆ ಯಾರು ಹೇಳಿದರು? ಬರೆದದ್ದನ್ನು ನೋಡುತ್ತೀರಿ, ಬರೆದವಳನ್ನು ನೋಡುವುದಿಲ್ಲ.

ಪತ್ರಿಕೆ ಬಂದ ದಿನ ಭಾವ ಅಡುಗೆಮನೆಯಲ್ಲಿ ಊಟದ ಹೊತ್ತಿಗೆ ಎಲ್ಲರಿಗೂ ಹಂಚಿದರು. ಅಡುಗೆಯವನು ಕನ್ನಡದ ಸಾಲುಗಳನ್ನು ಜೋರಾಗಿ ಓದತೊಡಗಿದ. "ಅಯ್ಯೋ, ಇದು ನಮ್ಮ ಏಳನೇ ರೂಮಿನ ಹಲ್ಲು ಕಣ್ರೋ!" ಎಂದು ತೊಡೆ ತಟ್ಟಿಕೊಂಡು ನಕ್ಕ. ಎಲ್ಲರೂ ನಕ್ಕರು. ಅವನು ಓದುತ್ತಾ ಹೋದ. ಭಾವನ ವಾಕ್ಯಕ್ಕೆ ಬಂದಾಗ ಅವನ ದನಿ ಇಳಿಯಿತು, ಕೊನೆಯ ಮೂರು ಬಂದಾಗ ನಿಂತೇಹೋಯಿತು. "ಯಾಕೆ ನಿಲ್ಲಿಸ್ದೆ? ಮುಂದಕ್ಕೆ ಓದು" ಎಂದರು ಭಾವ. ಅವನು ಓದಿದ. ಯಾರೂ ನನ್ನ ಕಡೆ ನೋಡಲಿಲ್ಲ, ಅದಕ್ಕೇ ನನಗೆ ತಲೆ ಎತ್ತಲಾಗಲಿಲ್ಲ.

ಭಾವ ಕೂಗಾಡಲಿಲ್ಲ. "ನಿನಗೆ ಇಲ್ಲಿ ಏನ್ ಕಮ್ಮಿ ಮಾಡಿದೀನಿ ಹೇಳು. ಅಮ್ಮನ್ನ ಯಾರು ನೋಡ್ಕೋತಾರೆ ಅಂತ ಒಂದ್ ಸಲಾನಾದ್ರೂ ಅಂದ್ಕೊಂಡ್ಯಾ?" ಎಂದರು. ಬಟ್ಟೆ ಕೋಣೆಯ ಕೀಲಿಗೊಂಚಲನ್ನು ನನ್ನಿಂದ ತೆಗೆದು ಓರಗಿತ್ತಿಯ ಕೈಗೆ ಕೊಟ್ಟರು. "ಹೋಗೋದಾದ್ರೆ ಹೋಗು. ಆದ್ರೆ ಹೊಸ್ತಿಲು ದಾಟಿದ ಮೇಲೆ ಅಮ್ಮನ ಮುಖ ನೋಡ್ತೀನಿ ಅಂತ ವಾಪಸ್ ಬರ್ಬೇಡ" ಎಂದೂ ಹೇಳಿದರು. ಈಗ ದಿನವಿಡೀ ಕೌಂಟರಿನಲ್ಲಿ ಬಾಗಿಲಿಗೆ ಎದುರಾಗಿ ಕೂತಿರುತ್ತಾರೆ. ಅಂಚೆ ಅವರ ಕೈಗೇ ಬರುತ್ತದೆ.

ಒಂಬತ್ತು, ಹತ್ತನೇ ಪಾಠಗಳನ್ನು ಅಂಗಡಿಯಾಕೆ ಅಂಚೆಗೆ ಹಾಕುತ್ತಾಳೆ. ಹನ್ನೊಂದು, ಹನ್ನೆರಡನ್ನು ಅವಳ ವಿಳಾಸಕ್ಕೆ ಕಳಿಸುತ್ತೀರಾ? ನನ್ನ ಉತ್ತರ ಹಾಳೆಗಳನ್ನು ಮಾತ್ರ ಯಾರಿಗೂ ಕೊಡಬೇಡಿ. ಆಸ್ಪತ್ರೆಯ ಹೆಸರು ಅದರಲ್ಲಿದೆ.

೧೧೮


೧ ಮಾರ್ಚ್

ತಾಯಿ,

ಏನು ಬರೆಯಲಿ? ನಿಮ್ಮ ಪತ್ರವನ್ನು ಮೂರು ಸಲ ಓದಿದೆ.

ನಿಮ್ಮ ಭಾವನವರ ಪತ್ರ ಎರಡು ದಿನ ಮೊದಲೇ ಬಂದಿತ್ತು. ಅದನ್ನು ಓದಿಯೂ ನನಗೆ ಬುದ್ಧಿ ಬರಲಿಲ್ಲ. ಸಂಸಾರದ ಮಾತು, ನಿಯಮವೂ ಹಾಗೇ ಇದೆ ಎಂದುಕೊಂಡು ನಿಮ್ಮ ಹಾಳೆಗಳನ್ನು ಲಕೋಟೆಗೆ ಹಾಕಿ ಅಂಟಿಸಿ, ಸ್ಟಾಂಪೂ ಹಚ್ಚಿ ಮೇಜಿನ ಮೇಲಿಟ್ಟಿದ್ದೆ. ಅಂಚೆಗೆ ಹೊರಡುವಾಗ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತೆಂದು ನಾಳೆಗೆ ಬಿಟ್ಟೆ. ಆ ನಾಳೆಯೇ ನಿಮ್ಮ ಪತ್ರ ಬಂತು. ಒಂದು ಹಳೇ ಚಪ್ಪಲಿ ಮಾಡಿದಷ್ಟು ಒಳ್ಳೆಯದನ್ನೂ ನಾನು ನಿಮಗೆ ಮಾಡಲಿಲ್ಲ. ಲಕೋಟೆಯನ್ನು ಹರಿದು ಹಾಳೆಗಳನ್ನು ನನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದೇನೆ.

ಬೋಧಕ – ೪ ಎಂದು ಸಹಿ ಮಾಡುತ್ತೇನಲ್ಲ; ಒಂದು, ಎರಡು, ಮೂರು ಯಾರೂ ಇಲ್ಲ. ಒಂದು ಕೋಣೆ, ಒಂದು ಮೇಜು, ನಾನು. ಮೂವರೂ ಒಬ್ಬೊಬ್ಬರಾಗಿ ಬಿಟ್ಟು ಹೋದರು. ಹದಿನೈದು ದಿನಕ್ಕೊಮ್ಮೆ ಬರುವ ನಿಮ್ಮ ಲಕೋಟೆಯನ್ನು ಎಲ್ಲಕ್ಕಿಂತ ಮೊದಲು ಒಡೆಯುತ್ತಿದ್ದೆ. ಕತೆ ಚೆನ್ನಾಗಿದೆ ಎಂದು ಓದುತ್ತಿದ್ದೆನೇ ಹೊರತು ಅದು ಒಬ್ಬರ ಕುತ್ತಿಗೆಗೆ ಬಂದ ಮಾತೆಂದು ನನಗೆ ತೋಚಲಿಲ್ಲ. ನಾಚಿಕೆಯಾಗುತ್ತಿದೆ.

ಹನ್ನೊಂದು, ಹನ್ನೆರಡು ಜೊತೆಗಿವೆ. ಅವನ್ನು ಬರೆಯದಿದ್ದರೂ ಪರವಾಗಿಲ್ಲ. ನೀವು ಹೂಂ ಅಂದರೆ ಇವತ್ತೇ ಸರ್ಟಿಫಿಕೇಟು ಬರೆದು ಆಸ್ಪತ್ರೆಗೆ ಕಳಿಸುತ್ತೇನೆ. ನನ್ನ ಕೆಲಸದಲ್ಲಿ ಈವರೆಗೆ ಹಾಗೆ ಮಾಡಿದ್ದಿಲ್ಲ. ನಿಮಗಾಗಿ ಮಾಡುತ್ತೇನೆ.

ನಿಮ್ಮ ಮೇಷ್ಟ್ರು


೭ ಮಾರ್ಚ್

ಮೇಷ್ಟ್ರೇ,

ಸುಳ್ಳು ಸರ್ಟಿಫಿಕೇಟು ನನಗೆ ಬೇಡ. ಅಲ್ಲಿ ಹೋಗಿ ಬಾಯಿ ಬಿಡಬೇಕಾದವಳು ನಾನು. ಅವರು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿ ನಾನು ಕಣ್ಣು ಕಣ್ಣು ಬಿಟ್ಟರೆ ತಮ್ಮ ಮುದ್ರೆ ಏನು ಮಾಡೀತು? ಭಾವ 'ನನಗೆ ಬಿಡು' ಎನ್ನುತ್ತಲೇ ಇಷ್ಟು ವರ್ಷ ಕಳೆಯಿತು. ತಾವೂ ಅದನ್ನೇ ಹೇಳಬೇಡಿ.

ಹನ್ನೊಂದನೇ ಪಾಠ ಮುಗಿಸಿದ್ದೇನೆ. ಅಗಸರ ಚೀಟಿಗಳ ಹಿಂಬದಿಯಲ್ಲಿ ಬರೆದಿದ್ದೇನೆ, ಬೇರೆ ಕಾಗದ ಮುಟ್ಟಿದರೆ ಓರಗಿತ್ತಿ ಬಂದು ಹೆಗಲ ಮೇಲಿಂದ ನೋಡುತ್ತಾಳೆ. ಹನ್ನೆರಡನೆಯದು ಕಷ್ಟವಿದೆ. ಆದರೂ ಕಳಿಸುತ್ತೇನೆ. ಅಂಕವನ್ನು ಕನಿಕರದಿಂದ ಕೊಡಬೇಡಿ.

ಕೆಲಸಕ್ಕೇನೂ ತೊಂದರೆಯಿಲ್ಲ. ಹೊರಡುವುದೇ ತೊಂದರೆ. ಬೆಳಗ್ಗೆ ಕೋಣೆಗಳು ಖಾಲಿಯಾಗುವ ಹೊತ್ತಿನಲ್ಲಿ ಹೋಟೆಲಿನ ತುಂಬ ಪೆಟ್ಟಿಗೆ ಹಿಡಿದವರೇ; ಅವರ ನಡುವೆ ನಾನೂ ಒಂದು ಪೆಟ್ಟಿಗೆ ಹಿಡಿದು ನಡೆದರೆ ಯಾರು ಕೇಳುತ್ತಾರೆ? ಭಾವ ಒಬ್ಬರು ಕೇಳುತ್ತಾರೆ. ಅವರು ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಾರೆ.

ಅತ್ತೆಗೆ ನಾನು ಏನೂ ಹೇಳಿಲ್ಲ. ಅಡುಗೆಮನೆಯ ಗಲಾಟೆ ಅವರ ಕೋಣೆಗೆ ಕೇಳುವುದಿಲ್ಲ. ದಿನಾ ಬೆಳಗ್ಗೆ ಅವರಿಗೆ ತಲೆ ಬಾಚುವಾಗ ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತೇನೆ, ಜಡೆ ಮುಗಿದುಹೋಗುತ್ತದೆ. ನನಗೆ ಭಾವನ ಭಯವಿಲ್ಲ ಮೇಷ್ಟ್ರೇ. ಈ ಮುದುಕಿ ಅತ್ತುಬಿಟ್ಟರೆ ನಾನು ಹೊರಡಲಾರೆ, ಅದೇ ಭಯ.

೧೧೮


೧೨ ಮಾರ್ಚ್

ವಿದ್ಯಾರ್ಥಿ ಸಂಖ್ಯೆ ೧೦೯, ಹೋಟೆಲು ಮಾಲೀಕರಿಗೆ,

ತಮ್ಮ ಪತ್ರ ತಲುಪಿದೆ. ಉತ್ತರಿಸಲು ತಡವಾದದ್ದಕ್ಕೆ ವಿಷಾದಿಸುತ್ತೇವೆ. ತಮ್ಮ ಕೋರಿಕೆ ನ್ಯಾಯವಾದದ್ದೇ. ಆದರೆ ಉತ್ತರ ಹಾಳೆಗಳನ್ನು ವಿದ್ಯಾರ್ಥಿಯ ಹೊರತು ಬೇರೆಯವರಿಗೆ ಅಂಚೆಯಲ್ಲಿ ಕಳಿಸುವ ಪದ್ಧತಿ ಇಲ್ಲ. ಶುಲ್ಕ ಪಾವತಿಸಿದವರು ರಸೀದಿಯೊಂದಿಗೆ ಖುದ್ದು ಬಂದು, ಪರಿಶೀಲನೆಯ ನಂತರ ನೋಡಬಹುದು. ತಮಗೆಂದು ಇದೇ ೨೬ರ ಬೆಳಗ್ಗೆ ಸಮಯ ಗೊತ್ತುಮಾಡಲಾಗಿದೆ. ಬೇರೆಯವರನ್ನು ಕಳಿಸಿದರೆ ಪ್ರಯೋಜನವಿಲ್ಲ. ತಮ್ಮ ಊರಿನಿಂದ ಹಿಂದಿನ ರಾತ್ರಿಯ ಬಸ್ಸು ಅನುಕೂಲ.

ಬೋಧಕ – ೪


೧೨ ಮಾರ್ಚ್

ತಾಯಿ,

ಹನ್ನೊಂದಕ್ಕೆ ಐವತ್ತನಾಲ್ಕು. ಕನಿಕರದ ಅಂಕ ಒಂದೂ ಇಲ್ಲ. 'ಲೈ' ಮತ್ತು 'ಲೇ' ಎರಡನ್ನೂ ಕಲಸಿ ಇಟ್ಟಿದ್ದೀರಿ.

ನಿಮ್ಮ ಭಾವನವರಿಗೂ ಇವತ್ತೇ ಬರೆದಿದ್ದೇನೆ. ಇಪ್ಪತ್ತಾರನೇ ತಾರೀಕು ಬೆಳಗ್ಗೆ ಅವರು ಇಲ್ಲಿ, ನನ್ನ ಎದುರು ಕೂತಿರುತ್ತಾರೆ. ಬಂದರೆ ಸಂಜೆಯವರೆಗೂ ನಾನು ಬಿಡುವುದಿಲ್ಲ. ಅವತ್ತು ನಿಮ್ಮ ಕೌಂಟರಿನ ಕುರ್ಚಿ ಖಾಲಿ. ಇದಕ್ಕಿಂತ ಹೆಚ್ಚಿಗೆ ಬರೆಯಲು ನನಗೆ ಧೈರ್ಯವಿಲ್ಲ, ನಿಮಗೆ ಅಗತ್ಯವೂ ಇಲ್ಲ.

ಅವರು ಬರದೆಯೂ ಇರಬಹುದು. ಆಗ ಏನು ಮಾಡುವುದೆಂದು ನನಗೆ ತಿಳಿಯದು.

ಹನ್ನೆರಡನೇ ಪಾಠ ಕಳಿಸಿ. ಅದಿಲ್ಲದೆ ಸರ್ಟಿಫಿಕೇಟಿಲ್ಲ. ನೀವೇ ಹೇಳಿದ್ದು.

ನಿಮ್ಮ ಮೇಷ್ಟ್ರು


೨೭ ಮಾರ್ಚ್

ಆಸ್ಪತ್ರೆಯ ಬಟ್ಟೆ ಕೋಣೆಯ ವಿಳಾಸಕ್ಕೆ

ತಾಯಿ,

ನೀವು ಅಲ್ಲಿಗೆ ಬಂದಿದ್ದರೆ ಈ ಪತ್ರ ನಿಮಗೆ ಸಿಗುತ್ತದೆ. ಬಾರದಿದ್ದರೆ ಯಾರೋ ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಹೀಗೆ ಗಾಳಿಗೆ ಬರೆದು ನನಗೆ ಅಭ್ಯಾಸವಿಲ್ಲ.

ಹನ್ನೆರಡನೇ ಪಾಠ ಇಪ್ಪತ್ತಮೂರಕ್ಕೆ ಬಂತು. ಬೇರೆ ಊರಿನ ಅಂಚೆ ಮುದ್ರೆ ನೋಡಿದರೆ ಯಾರೋ ಪ್ರಯಾಣಿಕರ ಕೈಯಲ್ಲಿ ಕೊಟ್ಟು ಹಾಕಿಸಿದ್ದೀರಿ, ಜೊತೆಗೆ ಒಂದು ಸಾಲಿನ ಪತ್ರವೂ ಇರಲಿಲ್ಲ. ಅರವತ್ತೊಂದು. ಎರಡು ಸಲ ಕೂಡಿ ನೋಡಿದೆ, ಅರವತ್ತೊಂದೇ. ಸರ್ಟಿಫಿಕೇಟು ಅಂದೇ ರಿಜಿಸ್ಟರ್ ಅಂಚೆಯಲ್ಲಿ ಆಸ್ಪತ್ರೆಗೆ ಹೋಗಿದೆ.

ನಿಮ್ಮ ಭಾವ ನಿನ್ನೆ ಬಂದರು. ಸಂಸ್ಥೆ ಎಂದರೆ ಇಷ್ಟೇನಾ ಎಂಬಂತೆ ನನ್ನ ಕೋಣೆಯನ್ನು ನೋಡಿದರು. ನಾನು ಮೊದಲು ರಸೀದಿ ಕೇಳಿದೆ. ಆಮೇಲೆ, ಹಾಳೆ ನೋಡುವವರು ತಮ್ಮ ಬಾಕಿ ಪಾಠ ಮುಗಿಸಿರಬೇಕು ಎಂದು ಬಾಯಿಗೆ ಬಂದ ನಿಯಮವೊಂದನ್ನು ಹೇಳಿದೆ. ಆ ದೊಡ್ಡ ಮನುಷ್ಯರನ್ನು ಮಧ್ಯಾಹ್ನದವರೆಗೆ ಎರಡನೇ ಪಾಠಕ್ಕೆ ಕೂರಿಸಿದೆ ಎಂದರೆ ನಂಬುತ್ತೀರಾ? 'ಈಸ್' ಬರೆದು, 'ಆರ್' ಬರೆದು, ಪೆನ್ನು ಕೆಳಗಿಟ್ಟರು. "ಸಾಕ್ ಮಾಡಿ ಮೇಷ್ಟ್ರೇ. ನೀವು ಹಾಳೆ ಕೊಡಲ್ಲ ಅಂತ ನಂಗೆ ಗೊತ್ತಾಯ್ತು" ಎಂದರು.

ಅವರು ಜಗಳವಾಡುತ್ತಾರೆಂದು ಕಾದೆ. ಆಡಲಿಲ್ಲ. "ನಮ್ಮ ಹೋಟ್ಲಲ್ಲಿ ಯಾವ ಹೊದಿಕೆ ಎಲ್ಲಿದೆ ಅಂತ ನನ್ನ ಹೆಂಡ್ತಿಗೆ ಗೊತ್ತಾಗ್ತಿಲ್ಲ. ಅಮ್ಮ ತಮ್ಮನ ಹೆಂಡ್ತಿ ಕೈಯಿಂದ ಬಿಟ್ರೆ ಯಾರ ಕೈಯಿಂದ್ಲೂ ಊಟ ಮಾಡಲ್ಲ. ನಾನು ಕೆಟ್ಟೋನಾ ಹೇಳಿ" ಎಂದು ಕೇಳಿದರು. ಕೆಟ್ಟವರಲ್ಲ ಎಂದೆ, ಆದರೆ ಆಕೆ ಎಷ್ಟು ವರ್ಷದಿಂದ ಒಂದು ರಜೆ ತೆಗೆದುಕೊಂಡಿಲ್ಲ, ನಿಮಗೆ ಗೊತ್ತೇ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಹೊರಟರು. ಅವರು ಮನೆ ಸೇರಿದಾಗ ಅಲ್ಲಿ ನೀವಿದ್ದಿರೋ ಇಲ್ಲವೋ, ರಾತ್ರಿಯಿಡೀ ನನಗೆ ಅದೇ ಯೋಚನೆ.

ಒಂದು ಸಾಲು ಬರೆಯಿರಿ. ಬಂದೆ ಎಂದೋ, ಇಲ್ಲ ಎಂದೋ.

ನಿಮ್ಮ ಮೇಷ್ಟ್ರು


೪ ಏಪ್ರಿಲ್

ಮೇಷ್ಟ್ರಿಗೆ ನಮಸ್ಕಾರ.

ಬಂದೆ.

ತಮ್ಮ ಪತ್ರ ಇಲ್ಲಿ ನನಗಿಂತ ಮೊದಲೇ ಪರಿಚಿತವಾಗಿದೆ. ಬಾಗಿಲು ಕಾಯುವವರು 'ಮೇಲ್ವಿಚಾರಕಿ ಕೆಲಸ ಕೇಳಿ ಬಂದವರು ಯಾರು' ಎಂದು ಎಲ್ಲರನ್ನೂ ಕೇಳಿಕೊಂಡು ಬಂದರಂತೆ. ಮೊನ್ನೆ ಸಂದರ್ಶನವಾಯಿತು. ಇವತ್ತು ಕೆಲಸ ಕೊಟ್ಟಿದ್ದಾರೆ. ಇಲ್ಲಿಯ ಬಟ್ಟೆ ಕೋಣೆ ನಮ್ಮ ಹೋಟೆಲಿನ ಊಟದ ಮನೆಗಿಂತ ದೊಡ್ಡದು, ಹಬೆಯಲ್ಲಿ ಎದುರಿನವರ ಮುಖ ಕಾಣುವುದಿಲ್ಲ. ಸಂಬಳದ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡಾಗ ನನಗೆ ಅಳು ಬಂತು. ಹಬೆಯಿದ್ದದ್ದು ಒಳ್ಳೆಯದಾಯಿತು.

ಸಂದರ್ಶನದಲ್ಲಿ ಮುಖ್ಯ ನರ್ಸಮ್ಮ ಸಾಬೂನು, ಸೋಂಕು, ಕಲೆ ಎಂದೆಲ್ಲ ಕೇಳಿದರು. ಒಡಕು ಇಂಗ್ಲಿಷಾದರೂ ಹೇಳಿದೆ. ಕೊನೆಗೆ ಕನ್ನಡಕ ತೆಗೆದು, "ವೈ ಡಿಡ್ ಯು ಲೀವ್ ಯುವರ್ ಲಾಸ್ಟ್ ಪ್ಲೇಸ್?" ಎಂದರು. ಆ ಪದದ ಎಲ್ಲ ರೂಪ, ಎಲ್ಲ ಅರ್ಥ ನನಗೆ ಗೊತ್ತು. ಎಪ್ಪತ್ತೊಂದು ತೆಗೆದುಕೊಂಡವಳು. ಆದರೂ ಒಂದು ಶಬ್ದ ಹೊರಡಲಿಲ್ಲ. ತಲೆನೋವು ಬಂತೆಂದು ಸನ್ನೆ ಮಾಡಿದೆ. ಅವರು ನೀರು ತರಿಸಿಕೊಟ್ಟು, ಇನ್ನೇನೂ ಕೇಳದೆ ಬಿಟ್ಟರು. ಅವರಿಗೆ ಹೇಳಲಾಗದ್ದನ್ನು ತಮಗೆ ಹೇಳುತ್ತೇನೆ.

ಇಪ್ಪತ್ತಾರರ ಬೆಳಗ್ಗೆ ಭಾವನ ಕುರ್ಚಿ ಖಾಲಿಯಿತ್ತು. ಓರಗಿತ್ತಿ ಕೀಲಿ ಹಿಡಿದು ಮೇಲಿನ ಮಹಡಿಯಲ್ಲಿ ಪರದಾಡುತ್ತಿದ್ದಳು. ನಾನು ಅತ್ತೆಗೆ ಸ್ನಾನ ಮಾಡಿಸಿ, ತಲೆ ಬಾಚಿ, ಹಾಸಿಗೆ ಹಾಸಿದೆ. ಒಂದರ ಮೇಲೊಂದು ನಾಲ್ಕು ಬಟ್ಟೆ ಹಾಸಿದೆ. ನಾನಿಲ್ಲದಾಗ ಮೇಲಿನದನ್ನು ದಿನಾ ಒಂದೊಂದೇ ಎಳೆದು ತೆಗೆದರೆ ಸಾಕು, ಅವರು ಒದ್ದೆಯಲ್ಲಿ ಮಲಗಬೇಕಾಗುವುದಿಲ್ಲ. ಓರಗಿತ್ತಿ ಕೆಟ್ಟವಳಲ್ಲ, ಮರೆಗುಳಿ. ಪೆಟ್ಟಿಗೆಯನ್ನು ಬಾಗಿಲ ಹೊರಗಿಟ್ಟು ಅತ್ತೆಯನ್ನು ಹಾಸಿಗೆಯ ಮೇಲೆ ಕೂರಿಸಿದೆ.

ಅವರು ಅಂಚಿಗೆ ಕೈಹಾಕಿ, ಹೆಬ್ಬೆರಳಿನಿಂದ ಮಡಿಕೆಗಳನ್ನು ಒಂದೊಂದಾಗಿ ಸವರಿದರು.

"ಎಷ್ಟು ಹಾಸಿದೀಯ?" ಎಂದರು.

"ನಾಲ್ಕು" ಎಂದೆ.

"ಚಳಿ ಏನಿಲ್ವಲ್ಲ."

ಹೊರಗೆ ಯಾರೋ ಅತಿಥಿಗಳು ಪೆಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದರು. ಅತ್ತೆ ಕೈಯನ್ನು ಹಾಸಿಗೆಯ ಮೇಲೇ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದರು. ಒಂದು ತಿಂಗಳಿನಿಂದ ಅವರಿಗೆ ಎಲ್ಲ ಗೊತ್ತಿತ್ತೋ, ಆ ಗಳಿಗೆಯಲ್ಲೇ ಗೊತ್ತಾಯಿತೋ, ನನಗೆ ಇವತ್ತಿಗೂ ತಿಳಿಯದು.

"ಹೊರಡೋದಾದ್ರೆ ಹೊರಡು" ಎಂದರು. "ನನ್ನ ಮಾತ್ರ ಕೇಳ್ಬೇಡ. ಕೇಳಿದ್ರೆ ಬೇಡ ಅಂತೀನಿ."

ನಾನು ಕೇಳಲಿಲ್ಲ, ಮೇಷ್ಟ್ರೇ.